ಕಂಪನಿ ಕೊಟ್ಟ ಫೋನು

ನಾನೂ ನನ್ನ ಗೆಳತಿಯೂ ರಾಮನಗರದಲ್ಲಿ ಒಂದೇ ರೂಮಿನಲ್ಲಿದ್ದೆವು, ಒಂದೇ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗುತ್ತಿದ್ದೆವು. ಅಲ್ಲಿ ಅವಳು ನಮ್ಮ ಲೈನಿನ ಸೂಪರ್‌ವೈಸರು, ನಾನು ಅವಳ ಕೈಕೆಳಗಿನ ಟೈಲರು. ಗೇಟಿನ ಒಳಗೆ ಅವಳನ್ನು ‘ಮೇಡಂ’ ಎನ್ನಬೇಕಿತ್ತು. ಸಂಜೆ ಗೇಟು ದಾಟಿದ ಕೂಡಲೇ ಅವಳೇ ನನ್ನ ಜಡೆ ಹಿಡಿದೆಳೆದು, “ಈಗ ಬಯ್ಯೆ. ಬೆಳಗ್ಗಿಂದ ಮನ್ಸಲ್ಲಿ ಎಷ್ಟ್ ಬೈಕೊಂಡಿದ್ಯೋ ಎಲ್ಲ ಬೈದ್ಬುಡು” ಎನ್ನುತ್ತಿದ್ದಳು. ನಾನು ಬೈಯುತ್ತಿದ್ದೆ. ನಗುತ್ತಾ ಮನೆ ಸೇರುತ್ತಿದ್ದೆವು.

ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಹೆದ್ದಾರಿಯ ಪಕ್ಕ ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳಲ್ಲಿ ಶೀಟಿನ ಛಾವಣಿಯ ಉದ್ದುದ್ದ ಕಟ್ಟಡಗಳು ಏಳುತ್ತಿದ್ದ ಕಾಲ. ಬೆಳಗಾದರೆ ಚನ್ನಪಟ್ಟಣದ ಕಡೆಯಿಂದ, ಮಾಗಡಿಯ ಕಡೆಯಿಂದ ಹೆಣ್ಣುಮಕ್ಕಳನ್ನು ಕಿಕ್ಕಿರಿಸಿಕೊಂಡು ಟೆಂಪೋಗಳು ಬರುತ್ತಿದ್ದವು. ನನ್ನ ಊರು ಮರಳವಾಡಿ ಹತ್ತಿರ, ಅವಳದು ಮಾಗಡಿಯಿಂದ ಆಚೆ. ದಿನಾ ಓಡಾಡುವುದು ಇಬ್ಬರಿಗೂ ಆಗದ ಮಾತು. ಹಾಗಾಗಿ ರೇಷ್ಮೆ ನೂಲು ತೆಗೆಯುವವರ ಬೀದಿಯಲ್ಲಿ ಒಬ್ಬ ಮುಸ್ಲಿಂ ಹೆಂಗಸಿನ ಮನೆಯ ಹಿಂದಿನ ರೂಮು ಹಿಡಿದಿದ್ದೆವು. ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಅವರ ಮನೆಯವರು ಮುಂದಿನ ಕೊಟ್ಟಿಗೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಬೆಂದ ಹುಳುವಿನ ವಾಸನೆಗೆ ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಊರಿಗೆ ಹೋದಾಗ ಆ ವಾಸನೆ ಇಲ್ಲದೆ ಏನೋ ಬಿಟ್ಟುಬಂದ ಹಾಗೆ ಅನ್ನಿಸುತ್ತಿತ್ತು.

ಅವಳು ಒಳ್ಳೆಯ ಸೂಪರ್‌ವೈಸರು. ಗೆಳತಿ ಅಂತ ಹೇಳುತ್ತಿಲ್ಲ. ನಮ್ಮ ಲೈನಿನಲ್ಲಿ ಶರ್ಟು ಹೊಲೆಯುತ್ತಿದ್ದೆವು. ಒಬ್ಬಳು ಬರೀ ಕಾಲರು, ಒಬ್ಬಳು ಬರೀ ಜೇಬು, ನನ್ನದು ಮೈಗೆ ತೋಳು ಕೂಡಿಸುವುದು. ಒಬ್ಬಳ ಕೈ ನಿಂತರೆ ಅವಳ ಮುಂದೆ ಬಟ್ಟೆ ಗುಡ್ಡೆ ಬೀಳುತ್ತದೆ, ಮುಂದಿನವರು ಖಾಲಿ ಕೂರುತ್ತಾರೆ. ಬೇರೆ ಲೈನುಗಳಲ್ಲಿ ಆಗ ಕೂಗಾಟ ಶುರುವಾಗುತ್ತಿತ್ತು. ಅವಳು ಕೂಗುತ್ತಿರಲಿಲ್ಲ. ಹೊಟ್ಟೆನೋವು ಅಂತ ಯಾರಾದರೂ ಮುಖ ಬಾಡಿಸಿಕೊಂಡಿದ್ದರೆ ಪಕ್ಕಕ್ಕೆ ಬಂದು, “ಎದ್ದೋಗಿ ಒಸಿ ನೀರ್ ಕುಡ್ಕೊಂಡ್ ಬಾ” ಎಂದು ತಾನೇ ಆ ಮೆಷಿನ್ನಿನಲ್ಲಿ ಕೂತು ಹೊಲೆದುಬಿಡುತ್ತಿದ್ದಳು. ಟಾರ್ಗೆಟ್ ಮುಟ್ಟುತ್ತಿತ್ತು. ಆಲ್ಟರೇಶನ್ನಿಗೆ ವಾಪಸ್ ಬರುವ ಪೀಸು ನಮ್ಮ ಲೈನಿನಲ್ಲೇ ಕಡಿಮೆ. ಪ್ರೊಡಕ್ಷನ್ ಮ್ಯಾನೇಜರ್ ಎಲ್ಲರೆದುರಿಗೇ ಅದನ್ನು ಹೇಳಿದ್ದರು.

ಆ ಮ್ಯಾನೇಜರ್ ಬೆಂಗಳೂರಿನಿಂದ ದಿನಾ ಬಂದು ಹೋಗುತ್ತಿದ್ದ ಮನುಷ್ಯ. ಕೆಟ್ಟವರಲ್ಲ. ಒಂದು ದಿನ ಅವರೇ ಅವಳನ್ನು ಕರೆದು ಒಂದು ಮೊಬೈಲ್ ಫೋನು ಕೊಟ್ಟರು.

“ಕಂಪನಿಯಿಂದ ಸೂಪರ್‌ವೈಸರ್‌ಗಳಿಗೆಲ್ಲ ಕೊಡ್ತಿದೀವಮ್ಮ. ಏನಾದ್ರೂ ಅರ್ಜೆಂಟ್ ಇದ್ರೆ ಮಾತ್ರ ಮಾಡ್ತೀವಿ. ನಿಮ್ಮ ಮನೆಯವರ ಹತ್ರ ಮಾತಾಡೋಕೂ ಇಟ್ಕೊಳ್ಳಿ.”

ಅವತ್ತು ಸಂಜೆ ದಾರಿಯುದ್ದಕ್ಕೂ ಅವಳು ಅದನ್ನು ಕರ್ಚೀಫಿನಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡಿದ್ದಳು. ನಮ್ಮ ಬೀದಿಯಲ್ಲಿ ಆಗ ಮೊಬೈಲು ಇದ್ದದ್ದು ಗೂಡು ವ್ಯಾಪಾರ ಮಾಡುವ ಒಬ್ಬಿಬ್ಬರ ಹತ್ತಿರ. ಮನೆ ಅಮ್ಮ ಬಂದು ನೋಡಿ, ತಿರುಗಿಸಿ ಮುರುಗಿಸಿ, “ಕಂಪನಿಯೋರು ಪುಕ್ಕಟೆ ಕೊಟ್ರಾ ಬೇಟಿ?” ಎಂದು ಕೇಳಿದರು. ಅವಳು ಹೂಂ ಎಂದಾಗ ಇನ್ನೊಂದು ಸಲ ತಿರುಗಿಸಿ ನೋಡಿ ವಾಪಸ್ ಕೊಟ್ಟರು.

ಆ ಭಾನುವಾರ ಅವಳು ಊರಿಗೆ ಹೋಗಿ ನಂಬರನ್ನು ಅವ್ವನ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ಬಂದಳು. ಅವ್ವನಿಗೆ ಓದು ಬಾರದು. ಆದರೆ ಅಂಕಿಗಳನ್ನು ಚಿತ್ರದ ಹಾಗೆ ನೋಡಿ ನೋಡಿ ಕಲಿತರು. ಊರ ಅಂಗಡಿಯ ಕಾಯಿನ್ ಬಾಕ್ಸಿನಿಂದ ಮೊದಲ ಸಲ ಫೋನು ಮಾಡಿದಾಗ ಎಷ್ಟು ಜೋರಾಗಿ ಕೂಗಿದರೆಂದರೆ ರೂಮಿನ ಇನ್ನೊಂದು ಮೂಲೆಯಲ್ಲಿ ಮುದ್ದೆ ತಿರುವುತ್ತಿದ್ದ ನನಗೂ ಕೇಳಿಸಿತು.

“ಉಂಡ್ಯವ್ವಾ?”

“ಉಂಡೆ ಕನವ್ವ. ಮೆಲ್ಲುಕ್ ಮಾತಾಡು, ಕೇಳ್ತದೆ.”

“ಅಷ್ಟ್ ದೂರದಲ್ಲಿದ್ದೀಯ, ಮೆಲ್ಲುಕ್ ಮಾತಾಡುದ್ರೆ ಎಂಗ್ ಕೇಳಾದು?”

ಫೋನು ಇಟ್ಟ ಮೇಲೆ ಅವಳು ಗೋಡೆಗೆ ಒರಗಿ ಬಹಳ ಹೊತ್ತು ನಕ್ಕಳು. ಕಣ್ಣಲ್ಲಿ ನೀರಿತ್ತು. ಈ ಫೋನಿನಿಂದ ಏನು ಕೆಟ್ಟದ್ದಾಯಿತು ಎಂದು ಹೇಳುವ ಮೊದಲು ಇದನ್ನೂ ಹೇಳಬೇಕು. ಅದು ಬಂದ ಮೇಲೆ ಅವಳು ಅವ್ವನ ದನಿ ವಾರಕ್ಕೆರಡು ಸಲ ಕೇಳಿದಳು.

ಮೊದಮೊದಲು ಮ್ಯಾನೇಜರ್ ಮಾತಿನಂತೆಯೇ ನಡೆಯಿತು. ಅಪರೂಪಕ್ಕೊಂದು ಕರೆ. ನಾಳೆ ಬೆಳಗ್ಗೆ ಹತ್ತು ನಿಮಿಷ ಮುಂಚೆ ಬನ್ನಿ, ಶರ್ಟು ಕೊಳ್ಳುವ ಬಯ್ಯರ್ ಕಡೆಯವರು ಬರುತ್ತಿದ್ದಾರೆ ಎನ್ನುವಂಥದ್ದು. ಆಮೇಲೆ ಅರ್ಜೆಂಟ್ ಎನ್ನುವ ಮಾತಿನ ಅಳತೆಯೇ ದಿನದಿನಕ್ಕೆ ಸಡಿಲವಾಯಿತು. ಕಾಲರ್ ಎಷ್ಟು ಉಳಿದಿವೆ, ಗುಂಡಿ ಬಂತಾ, ನಾಳೆ ಎಷ್ಟು ಜನ ರಜಾ, ಯಾಕೆ ರಜಾ? ಎಲ್ಲವನ್ನೂ ಅವಳು ಒಲೆಯ ಮುಂದೆ ಕೂತು ನೆನಪಿನಿಂದ ಹೇಳಬೇಕು. ಗೊತ್ತಿಲ್ಲ ಎಂದರೆ, “ನಿಮ್ಮ ಲೈನು, ನಿಮಗೆ ಗೊತ್ತಿಲ್ವಾ?” ಎನ್ನುವ ಮಾತು. ಹಾಗಾಗಿ ಫೋನು ಬರದಿದ್ದಾಗಲೂ ಅವಳು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಕಟ್ಟಿಟ್ಟುಕೊಳ್ಳತೊಡಗಿದಳು. ಸೊಪ್ಪು ಸೋಸುತ್ತಾ ತುಟಿ ಅಲುಗುತ್ತಿತ್ತು. ನಾನು ಏನಾದರೂ ಹೇಳಿದರೆ ಎರಡನೇ ಸಲ ಹೇಳಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಉಪ್ಸಾರಿಗೆ ಮುದ್ದೆ ಮುರಿದು ಬಾಯಿಗಿಟ್ಟಿದ್ದಳಷ್ಟೆ, ಫೋನು ಬಡಿದುಕೊಂಡಿತು. ಎಂಜಲು ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಎಡಗೈಯಲ್ಲಿ ಎತ್ತಿ, “ಸಾರ್, ಹೂಂ ಸಾರ್, ಆಯ್ತು ಸಾರ್” ಎನ್ನುತ್ತಾ ಅಂಗಳಕ್ಕೆ ಹೋದಳು. ವಾಪಸ್ ಬರುವಷ್ಟರಲ್ಲಿ ಕೈಮೇಲಿನ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ತಟ್ಟೆಯ ಮುಂದೆ ಕೂತಳು, ಉಣ್ಣಲಿಲ್ಲ.

“ಉಣ್ಣೇ, ಆರೋಗ್ತದೆ” ಎಂದೆ.

“ಇನ್ನೊಂದ್ ಸಲ ಮಾಡ್ತೀನಿ ಅಂದವ್ರೆ.”

“ಮಾಡಿದ್ರೆ ಮಾಡ್ಲಿ, ಅಲ್ಲೀಗಂಟ ಉಣ್ಣು.”

“ಬಾಯಲ್ಲಿ ತುತ್ತಿಕ್ಕೊಂಡು ಸಾರ್ ಅನ್ನಕ್ಕಾಯ್ತದಾ?”

ಆ ಎರಡನೇ ಕರೆ ಬರಲೇ ಇಲ್ಲ. ಕಾಯುತ್ತಾ ಕೂತು, ಕೊನೆಗೆ ಹಾಗೆಯೇ ಕೈತೊಳೆದಳು.

ಮುಂದೆ ಭಾನುವಾರಗಳ ಸರದಿ. ಶಿಪ್‌ಮೆಂಟ್ ಹತ್ತಿರ ಬಂದಾಗ ಭಾನುವಾರವೂ ಫ್ಯಾಕ್ಟರಿ ನಡೆಸುತ್ತಿದ್ದರು. ಅದನ್ನು ಶನಿವಾರ ಕೆಲಸ ಬಿಡುವಾಗಲೇ ಹೇಳಿಬಿಟ್ಟರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಫೋನು ಬಂದ ಮೇಲೆ ಮುಂಚೆಯೇ ಹೇಳುವ ಅಭ್ಯಾಸ ಹೋಯಿತು. ಭಾನುವಾರ ಬೆಳಗ್ಗೆ ಕರೆ ಮಾಡಿ, “ಒಂದು ಅರ್ಧ ಲೈನಾದ್ರೂ ಕರ್ಕೊಂಡು ಬನ್ನಿ” ಎನ್ನುತ್ತಿದ್ದರು. ಟೈಲರುಗಳ ಹತ್ತಿರ ಫೋನಿಲ್ಲ. ಅಂದರೆ ಅವಳು ಮನೆಮನೆಗೆ ಹೋಗಿ ಕರೆಯಬೇಕು. ನಾನೂ ಜೊತೆಗೆ ಹೋಗುತ್ತಿದ್ದೆ, ಒಬ್ಬಳೇ ಹೋಗುವುದು ಬೇಡ ಎಂದು.

ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತವರು, ಮಕ್ಕಳ ಹೇನು ತೆಗೆಯುತ್ತಿರುವವರು, ವಾರದ ಬಟ್ಟೆ ಒಗೆಯುತ್ತಿರುವವರು. ನಮ್ಮನ್ನು ಕಂಡ ತಕ್ಷಣ ಅವರ ಮುಖ ಇಳಿಯುವುದು ಕಾಣುತ್ತಿತ್ತು. ಜೇಬು ಹೊಲೆಯುವ ಹೆಂಗಸಿನ ಮನೆಯಲ್ಲಿ ಅವತ್ತು ಕೋಳಿ ಕುಯ್ದಿದ್ದರು. ಅವಳ ಗಂಡ ಹೊಸಿಲಿನಲ್ಲೇ ನಿಂತು ನಮ್ಮನ್ನು ತಡೆದ.

“ವಾರವೆಲ್ಲ ನಿಮ್ಗೇ ಕಳ್ಸಿಲ್ವಾ? ಬಾನ್ವಾರನೂ ಬಾಗ್ಲಿಗ್ ಬಂದ್ಬುಟ್ರಾ?”

“ನಮ್ಗೂ ಈಗ ಫೋನ್ ಬಂತು ಕನಣ್ಣ.”

“ಫೋನ್ ಬಂದುದ್ದು ನಿಮ್ಗೆ. ನಮ್ಮನೇಗೆ ಯಾವ್ ಫೋನೂ ಬಂದಿಲ್ಲ, ಓಗಿ.”

ಒಳಗಿನಿಂದ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಗಂಡನ ಕಡೆ ನೋಡದೆ ಚಪ್ಪಲಿ ಮೆಟ್ಟಿದಳು. ಅವಳಿಗೆ ಕೆಲಸ ಬೇಕಿತ್ತು. ಫ್ಯಾಕ್ಟರಿ ಗೇಟಿನ ಹತ್ತಿರ ಬಂದಾಗ ಆ ಹೆಂಗಸು ನನ್ನ ಗೆಳತಿಗೆ, “ನೀವು ಮೊದ್ಲು ಇಂಗಿರ್ಲಿಲ್ಲ ಮೇಡಂ” ಎಂದಳು. ಅಷ್ಟೇ ಹೇಳಿದ್ದು. ನನ್ನ ಗೆಳತಿ ಆ ಮಾತನ್ನು ಬಹಳ ದಿನ ಹೊತ್ತುಕೊಂಡಿದ್ದಳು. ಬಚ್ಚಲಲ್ಲಿ ಬಟ್ಟೆ ಒಗೆಯುವಾಗ ಇದ್ದಕ್ಕಿದ್ದಂತೆ, “ನಾನು ಮೊದ್ಲು ಎಂಗಿದ್ದೆ?” ಎಂದು ನನ್ನನ್ನು ಕೇಳುತ್ತಿದ್ದಳು.

ಬೇಸಿಗೆಯ ಒಂದು ಶನಿವಾರ, ಮನೆಗೆ ಬರುವಾಗ ಅವಳೇ ಹೇಳಿದಳು. “ನಾಳಿಕೆ ಎಲ್ಲಾದ್ರೂ ಓಗ್ಬುಡನಾ. ಇಲ್ಲಿದ್ರೆ ಫೋನ್ ಬತ್ತದೆ.”

“ಫೋನು ಜೊತೇಲೇ ಇರ್ತದಲ್ಲ?”

“ಆಫ್ ಮಾಡ್ತೀನಿ. ಒಂದಿನ.”

ಬೆಳಗ್ಗೆ ಚಿತ್ರಾನ್ನ ಕಟ್ಟಿಕೊಂಡು ಮಾಗಡಿ ಬಸ್ಸು ಹತ್ತಿದೆವು. ಬಸ್ಸು ಬಿಡುವ ಮೊದಲೇ ಅವಳು ಕೆಂಪು ಗುಂಡಿ ಒತ್ತಿ ಹಿಡಿದು ಫೋನಿನ ಬೆಳಕು ಆರುವವರೆಗೂ ನೋಡಿದಳು. ಆಮೇಲೆ ಅದನ್ನು ಬ್ಯಾಗಿನ ತಳಕ್ಕೆ, ಚಿತ್ರಾನ್ನದ ಡಬ್ಬಿಯ ಕೆಳಗೆ ಇಟ್ಟಳು. ಮಾಗಡಿಯಲ್ಲಿ ಇಳಿದು ಇನ್ನೊಂದು ಬಸ್ಸಿನಲ್ಲಿ ಸಾವನದುರ್ಗಕ್ಕೆ ಹೋದೆವು. ಬೆಟ್ಟ ಹತ್ತುವ ಆಸೆ ನನ್ನದು. ಅವಳು ಗುಡಿಯಲ್ಲಿ ಕೈಮುಗಿದು, ತೀರ್ಥ ತಗೊಂಡು, ಹೊರಗೆ ಮರದ ನೆರಳಿಗೆ ಬಂದು, “ಒಸಿ ಕೂತ್ಕತೀನಿ” ಎಂದವಳು ಟವೆಲ್ಲನ್ನು ಮಡಚಿ ತಲೆಗಿಟ್ಟುಕೊಂಡು ಅಲ್ಲೇ ಮಲಗಿಬಿಟ್ಟಳು. ಬೆಂಗಳೂರಿನ ಹುಡುಗರ ಗುಂಪೊಂದು ಕೂಗಾಡುತ್ತಾ ಬೆಟ್ಟ ಹತ್ತಿತು. ಕೋತಿಗಳು ಬಂದು ಡಬ್ಬಿಗೆ ಕೈಹಾಕಿದವು, ನಾನು ಕೋಲು ಹಿಡಿದು ಓಡಿಸಿದೆ. ಅವಳಿಗೆ ಯಾವುದೂ ಕೇಳಿಸಲಿಲ್ಲ. ನೆರಳು ಸರಿದು ಮುಖಕ್ಕೆ ಬಿಸಿಲು ಬಿದ್ದಾಗ ನಾನೇ ಎಬ್ಬಿಸಿದೆ. ಕಣ್ಣುಜ್ಜಿಕೊಂಡು ನನ್ನನ್ನು ನೋಡಿ, ಹಸಿದ ಮಗುವಿನ ಹಾಗೆ, “ಚಿತ್ರಾನ್ನ ಐತಾ?” ಎಂದಳು. ಆ ದಿನ ಅವಳು ನನ್ನ ಪಾಲಿನದನ್ನೂ ತಿಂದಳು.

ವಾಪಸ್ ಬರುವಾಗ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿದೆವು. ಅವಳ ಊರು ಅಲ್ಲಿಂದ ದೂರವಿರಲಿಲ್ಲ. “ಓಗಿ ಅವ್ವನ್ನ ನೋಡ್ಕೊಂಡ್ ಬರನಾ?” ಎಂದಳು. ಕೊನೆ ಬಸ್ಸು ತಪ್ಪುತ್ತದೆಂದು ತಾನೇ ಬೇಡ ಎಂದಳು.

ರೂಮಿಗೆ ಬಂದು ದೀಪ ಹಾಕಿ ಫೋನು ಆನ್ ಮಾಡಿದ್ದೇ ತಡ, ಅದು ಬಡಿದುಕೊಂಡಿತು. ಫ್ಯಾಕ್ಟರಿಯದೇ ಇರಬೇಕೆಂದು ಅವಳು ಮುಖ ಗಂಟಿಕ್ಕಿಕೊಂಡೇ ಎತ್ತಿದಳು. ಅವ್ವ.

ಅಪ್ಪ ಬೆಳಗ್ಗೆ ಮಾವಿನಕಾಯಿ ಕೀಳಲು ಮರ ಹತ್ತಿದವರು ಕೊಂಬೆ ಮುರಿದು ಬಿದ್ದಿದ್ದರು. ಸೊಂಟ, ತೊಡೆ. ಲಗೇಜ್ ಆಟೊದಲ್ಲಿ ಮಲಗಿಸಿಕೊಂಡು ಮಾಗಡಿ ಆಸ್ಪತ್ರೆಗೆ ತಂದಿದ್ದರು. ಅಲ್ಲಿ ನೋಡಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದಿದ್ದರು. ಅವ್ವ ಈಗ ಬೆಂಗಳೂರಿನ ಆಸ್ಪತ್ರೆಯ ಮುಂದಿನ ಅಂಗಡಿಯಿಂದ ಮಾತಾಡುತ್ತಿದ್ದರು.

“ಬೆಳಗ್ಗಿಂದ ಮಾಡ್ತಾನೇ ಇವ್ನಿ ಕನವ್ವ. ಯಾವ್ಳೋ ಯೆಂಗ್ಸು ಎತ್ಕೊಂಡು ಏನೇನೋ ಯೋಳ್ತಾಳೆ. ನಮ್ ಮಗ್ಳುನ್ ಕರೀರಿ ತಾಯಿ ಅಂದ್ರೂ ಕರೀಲಿಲ್ಲ. ಒಂದೇ ಸಮ್ನೆ ಯೋಳುದ್ದೇ ಯೋಳುದ್ಲು.”

ಸ್ವಿಚ್ ಆಫ್ ಆಗಿದೆ ಎಂದು ಹೇಳುವ ಆ ಹೆಣ್ಣುದನಿಯನ್ನು ಅವ್ವ ನಿಜವಾದ ಹೆಂಗಸೆಂದು ತಿಳಿದು ಇಡೀ ದಿನ ಬೇಡಿಕೊಂಡಿದ್ದರು.

“ಎಲ್ಲೋಗಿದ್ಯವ್ವಾ?”

ಅವಳು ಬಾಯಿ ತೆರೆದಳು. ನನ್ನ ಕಡೆ ನೋಡಿದಳು. ಮಾಗಡಿ ಆಸ್ಪತ್ರೆಯ ಬಾಗಿಲಲ್ಲಿ ಅವ್ವ ಒಬ್ಬರೇ ನಿಂತಿದ್ದ ಹೊತ್ತಿನಲ್ಲಿ ಅವಳು ಅದೇ ಮಾಗಡಿಯ ಪಕ್ಕದಲ್ಲಿ, ಮರದ ಕೆಳಗೆ ಮಲಗಿದ್ದಳು.

“ಡ್ಯೂಟಿಲಿದ್ದೆ ಕನವ್ವ” ಎಂದಳು.

“ಡ್ಯೂಟಿ ಇದ್ರೆ ಏನ್ ಮಾಡೀಯೆ, ಬುಡು” ಎಂದರು ಅವ್ವ. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮನೆ ಅಮ್ಮ ಬಂದು ಅವಳ ತಲೆ ಸವರಿ, ತಮ್ಮ ಮಗನನ್ನು ಜೊತೆಗೆ ಕಳಿಸಿ ಬೆಂಗಳೂರಿನ ಬಸ್ಸು ಹತ್ತಿಸಿದರು. ಎರಡು ದಿನ ಬಿಟ್ಟು ವಾಪಸ್ ಬಂದಳು. ಅಪ್ಪನ ತೊಡೆಗೆ ರಾಡ್ ಹಾಕಿದ್ದರು. ಜೀವಕ್ಕೆ ಅಪಾಯವಿರಲಿಲ್ಲ. ಕೆಲಸಕ್ಕೆ ಬಂದ ದಿನ ಮ್ಯಾನೇಜರ್ ಅವಳನ್ನು ಕರೆದು ಅಪ್ಪನ ವಿಚಾರ ಕೇಳಿದರು, ಪಾಪ ಎಂದರು. ಆಮೇಲೆ, “ಭಾನುವಾರ ಫೋನ್ ಆಫ್ ಇತ್ತಲ್ಲಮ್ಮ? ನಾನೂ ಟ್ರೈ ಮಾಡ್ದೆ. ಹಾಗೆ ಮಾಡ್ಬೇಡಿ. ನೋಡಿ, ನಿಮಗೇ ಎಷ್ಟು ತೊಂದರೆ ಆಯ್ತು” ಎಂದರು. ಅದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಆದರೆ ಆ ಮಾತಿನ ನಂತರ ಅವಳು ಫೋನನ್ನು ಎಂದೂ ಆರಿಸಲಿಲ್ಲ. ಬಚ್ಚಲಿಗೆ ಹೋದರೂ ಬಾಗಿಲ ಸಂದಿಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ಅವ್ವನ ಕರೆ ಬರುವುದೂ ಅದಕ್ಕೇ, ಫ್ಯಾಕ್ಟರಿಯ ಕರೆ ಬರುವುದೂ ಅದಕ್ಕೇ. ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತುವ ಹಾಗಿರಲಿಲ್ಲ. ಬಡಿದುಕೊಂಡಾಗಲೆಲ್ಲ ಮೊದಲು ಮುಖ ಬಿಳಚಿಕೊಳ್ಳುತ್ತಿತ್ತು, ಫ್ಯಾಕ್ಟರಿ ಎಂದು ತಿಳಿದ ಮೇಲೆ ಉಸಿರು ಬಿಡುತ್ತಿದ್ದಳು. ಆ ಸಮಾಧಾನದಲ್ಲಿ ಅವರು ಏನು ಹೇಳಿದರೂ ಹೂಂ ಎನ್ನುತ್ತಿದ್ದಳು.

ಹಗಲಲ್ಲಿ ಅವಳು ಬೇರೆಯವಳಾದಳು. ಲೈನಿನ ನಡುವೆ ನಿಂತಿದ್ದರೂ ಅಲ್ಲಿರುತ್ತಿರಲಿಲ್ಲ. ಕೇಳಿದ್ದನ್ನೇ ಕೇಳುತ್ತಿದ್ದಳು. ಕಾಲರಿನ ಬಂಡಲನ್ನು ಕಫ್ ಹೊಲೆಯುವವಳ ಮುಂದೆ ಇಟ್ಟು ಹೋಗುತ್ತಿದ್ದಳು. ಒಂದು ದಿನ ಜೇಬಿನ ಹೆಂಗಸು ನೀರು ಕುಡಿಯಲು ಎದ್ದಾಗ, “ಎಷ್ಟ್ ಸಲ ಏಳ್ತೀಯ? ಕೂತ್ಕೊ!” ಎಂದು ಕಿರುಚಿದಳು. ಎಲ್ಲ ಮೆಷಿನ್ನುಗಳೂ ಒಂದು ಗಳಿಗೆ ನಿಂತವು. ಅವಳಿಗೇ ಗಾಬರಿಯಾಗಿ ಪಾಯಖಾನೆಯ ಕಡೆ ಹೋದಳು. ಸಂಜೆ ಗೇಟು ದಾಟಿದ ಮೇಲೆ ನನ್ನ ಜಡೆ ಎಳೆಯುವುದು ಯಾವಾಗಲೋ ನಿಂತುಹೋಗಿತ್ತು.

ನೀಲಿ ಶರ್ಟಿನ ಆರ್ಡರು ಬಂದದ್ದು ಆಗಲೇ. ಬಟ್ಟೆ ಎರಡು ಸಲಕ್ಕೆ ಬಂದಿತ್ತು, ಎರಡೂ ನೀಲಿಯೇ, ಆದರೆ ಒಂದು ಇನ್ನೊಂದಕ್ಕಿಂತ ಎಳೆಯಷ್ಟು ತಿಳಿ. ಒಂದರ ಮೈಗೆ ಇನ್ನೊಂದರ ತೋಳು ಸೇರಿಸಿದರೆ ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ, ಹಗಲು ಬೆಳಕಿಗೆ ಹಿಡಿದರೆ ಎದ್ದು ಕಾಣುತ್ತದೆ. ಹಿಂದಿನ ಸಂಜೆ ಅವಳಿಗೆ ಎರಡು ಕರೆ ಬಂದಿದ್ದವು. ಮೊದಲನೆಯದು ನಾವು ಅಂಗಡಿಯಲ್ಲಿ ತರಕಾರಿ ಕೊಳ್ಳುವಾಗ: ಮೊದಲು ಹೊಸ ಬಟ್ಟೆಯದನ್ನು ತಗೊಳ್ಳಿ. ಎರಡನೆಯದು ಅವಳು ಚಾಪೆಯ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಾಗ: ಬೇಡ, ಹಳೆಯದೇ ಮುಗಿಸಿ. ಎರಡಕ್ಕೂ ಅವಳು ಹೂಂ ಸಾರ್ ಎಂದಿದ್ದನ್ನು ನಾನೇ ಕೇಳಿದ್ದೆ.

ಕತ್ತರಿಸಿದ ಕಟ್ಟುಗಳಲ್ಲಿ ಯಾವುದನ್ನು ಕಳಿಸಬೇಕೆಂದು ಕಟಿಂಗಿನವರಿಗೆ ಹೇಳುವವಳು ಅವಳೇ. ಬೆಳಗ್ಗೆ ನನ್ನ ಮೆಷಿನ್ನಿಗೆ ಬಂದ ತೋಳಿನ ಕಟ್ಟನ್ನು ಬಿಚ್ಚಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಕೈಯೆತ್ತಿ ಕರೆದೆ.

“ಮೇಡಂ, ಮೈಯ್ಯೂ ತೋಳೂ ಒಂದೇ ಥರ ಇಲ್ಲ ಅನ್ಸ್ತದೆ.”

ಅವಳು ಎರಡನ್ನೂ ಕೈಯಲ್ಲಿ ಹಿಡಿದಳು. ನೋಡಿದಳು. ಕಣ್ಣು ಅದರ ಮೇಲಿತ್ತು, ಅಷ್ಟೇ. “ಕಟಿಂಗ್‌ನೋರು ಕೊಟ್ಟವ್ರೆ. ಹೊಲಿ” ಎಂದಳು.

“ಒಂದ್ಸಲ ಬಾಗ್ಲತ್ರ ತಗೊಂಡೋಗ್ ನೋಡಿ.”

“ಹೊಲಿ ಅಂದ್ನಲ್ಲ?”

ಹೊಲೆದೆ. ಮಧ್ಯಾಹ್ನ ಊಟದ ಗಂಟೆಗೆ ಮುಂಚೆ ಚೆಕಿಂಗಿನವರು ಒಂದು ಶರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಇನ್ನೊಂದನ್ನು. ಆಮೇಲೆ ಮ್ಯಾನೇಜರ್‌ಗೆ ಹೇಳಿಕಳಿಸಿದರು. ಅವರು ಬಂದಾಗ ಲೈನಿನ ಕೊನೆಯಲ್ಲಿ ನೀಲಿ ಶರ್ಟುಗಳ ರಾಶಿ ಬಿದ್ದಿತ್ತು, ಎಲ್ಲವೂ ಎರಡು ಬಣ್ಣದವು.

“ನಿನ್ನೆ ಫೋನಲ್ಲಿ ಹೇಳಿದ್ನಲ್ಲಮ್ಮ?” ಎಂದರು ಮ್ಯಾನೇಜರ್. ಕೂಗಲಿಲ್ಲ.

“ಹೇಳಿದ್ರಿ ಸಾರ್.”

“ಏನು ಹೇಳ್ದೆ?”

ನನಗೆ ಎದ್ದು ಹೇಳಬೇಕೆನ್ನಿಸಿತು, ನೀವು ಎರಡೂ ಹೇಳಿದಿರಿ ಎಂದು. ಅಷ್ಟರಲ್ಲಿ ಅವಳೇ ಹೇಳಿದಳು.

“ಎರ್ಡೂ ಹೇಳಿದ್ರಿ ಸಾರ್. ಯಾವ್ದು ಮೊದ್ಲು ಹೇಳಿದ್ರಿ, ಯಾವ್ದು ಆಮೇಲೆ ಹೇಳಿದ್ರಿ, ನಂಗೆ ಗ್ಯಾಪ್ನ ಬತ್ತಾ ಇಲ್ಲ.”

ಯಾರೋ ಹಿಂದೆ ಕಿಸಕ್ಕೆಂದರು. ಮ್ಯಾನೇಜರ್ ನಗಲಿಲ್ಲ. ಹಣೆ ಒತ್ತಿಕೊಂಡು, “ನನಗೂ ಮನೇಲಿ ಮಗು ಮಲಗಿರುತ್ತಮ್ಮ. ಹೆಡ್ಡಾಫೀಸಿನವರು ನನಗೆ ಮಾಡ್ತಾರೆ, ನಾನು ನಿಮಗೆ ಮಾಡ್ತೀನಿ” ಎಂದರು. ಹೀಗೆ ಹೇಳುತ್ತಿರುವಾಗಲೇ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವರು ಶರ್ಟುಗಳ ರಾಶಿಗೆ ಬೆನ್ನು ಮಾಡಿ ನಿಂತು, ನನ್ನ ಗೆಳತಿ ಹೇಳುತ್ತಿದ್ದ ಹಾಗೆಯೇ, “ಸಾರ್, ಹೌದು ಸಾರ್” ಎನ್ನತೊಡಗಿದರು.

ಆ ತೋಳುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲೆದೆವು. ಆ ವಾರವೇ ಅವಳನ್ನು ಸೂಪರ್‌ವೈಸರ್ ಕೆಲಸದಿಂದ ತೆಗೆದು ಇನ್ನೊಂದು ಲೈನಿನಲ್ಲಿ ಮೆಷಿನ್ನಿಗೆ ಕೂರಿಸಿದರು. ಕೆಲಸದಲ್ಲಿ ಗಮನ ಕಡಿಮೆಯಾಗಿದೆ, ಎಷ್ಟು ಸಲ ಹೇಳಿದರೂ ಸುಧಾರಿಸಿಲ್ಲ ಎಂದು ಆಫೀಸಿನಲ್ಲಿ ಹೇಳಿದರಂತೆ. ಅವಳು ಇಲ್ಲ ಎನ್ನಲಿಲ್ಲ. ಫೋನು, ಚಾರ್ಜರು ವಾಪಸ್ ಕೊಟ್ಟು ಬಂದಳು. ಕೊಡುವ ಮುಂಚೆ ಕರ್ಚೀಫಿನಿಂದ ಒರೆಸಿದಳು.

ಆ ಜಾಗಕ್ಕೆ ನನ್ನನ್ನು ಕರೆದರು. ಆಫೀಸಿನ ಮೇಜಿನ ಮೇಲೆ ಅದೇ ಫೋನಿತ್ತು.

“ನಿಮ್ಮ ಹೊಲಿಗೆ ಚೆನ್ನಾಗಿದೆ, ಲೈನಿನವರು ನಿಮ್ಮ ಮಾತು ಕೇಳ್ತಾರೆ. ನೀವು ನೋಡ್ಕೊಳ್ಳಿ” ಎಂದರು ಮ್ಯಾನೇಜರ್.

“ಕೆಲಸ ಮಾಡ್ತೀನಿ ಸಾರ್. ಆದ್ರೆ ಫೋನು ಮನೆಗೆ ತಗೊಂಡೋಗಲ್ಲ. ಸಂಜೆ ಹೋಗುವಾಗ ಇಲ್ಲೇ ಕೊಟ್ಟೋಗ್ತೀನಿ.”

“ಫೋನ್ ಮನೇಲಿಲ್ದಿದ್ರೆ ಫೋನ್ ಯಾಕಮ್ಮ ಕೊಡೋದು?”

ನಾನು ಏನೋ ಹೇಳಲು ಹೋದೆ. ಅಷ್ಟರಲ್ಲಿ ಅವರಿಗೊಂದು ಕರೆ ಬಂತು. ಮಾತಾಡುತ್ತಾ ಕಾರಿಡಾರಿಗೆ ಹೋದರು, ಅಲ್ಲಿಂದ ಇನ್ನೆಲ್ಲಿಗೋ. ನಾನು ಕಾದೆ. ಬರಲಿಲ್ಲ. ಮೇಜಿನ ಮುಂದೆ ಒಬ್ಬಳೇ ಎಷ್ಟು ಹೊತ್ತು ನಿಲ್ಲುವುದೆಂದು ನನ್ನ ಮೆಷಿನ್ನಿಗೆ ವಾಪಸ್ ಹೋದೆ. ಅವರು ಮತ್ತೆ ಕರೆಯಲಿಲ್ಲ. ಎರಡು ದಿನ ಬಿಟ್ಟು ಚನ್ನಪಟ್ಟಣದ ಒಬ್ಬ ಹುಡುಗಿ ನಮ್ಮ ಸೂಪರ್‌ವೈಸರ್ ಆದಳು.

ರೂಮಿನಲ್ಲಿ ಇದನ್ನು ಹೇಳಿದಾಗ ನನ್ನ ಗೆಳತಿಗೆ ಸಿಟ್ಟು ಬಂತು.

“ತಗೋಬೇಕಾಗಿತ್ತು ನೀನು. ಅವ್ವ ಫೋನ್ ಮಾಡ್ತಾಳೆ ಅದ್ಕೆ. ಯಾರೋ ಎತ್ಕೊತಾರೆ ಈಗ.”

ಅದು ನನಗೆ ಹೊಳೆದೇ ಇರಲಿಲ್ಲ. ಅವಳು ಮುಂದಿನ ಭಾನುವಾರ ಊರಿಗೆ ಹೋಗಿ ಹೇಳಿಬರುವಷ್ಟರಲ್ಲಿ ಅವ್ವ ಎರಡು ಸಲ ಮಾಡಿಯೇಬಿಟ್ಟಿದ್ದರು. ಹೊಸ ಹುಡುಗಿ ಒಳ್ಳೆಯವಳು, ಎರಡನೇ ಕರೆಯ ಮಾರನೆಯ ದಿನ ಹುಡುಕಿಕೊಂಡು ಬಂದು ನಮಗೆ ತಿಳಿಸಿದಳು. “ನಿಮ್ಮವ್ವ ನನ್ನ ನೀವೇ ಅನ್ಕೊಂಡು, ಯಾಕವ್ವ ದನಿ ಇಂಗಾಗೋಗದೆ ಅಂದ್ರು” ಎಂದಳು. ನನ್ನ ಗೆಳತಿ ತಲೆತಗ್ಗಿಸಿ ಮೆಷಿನ್ನಿಗೆ ದಾರ ಪೋಣಿಸುತ್ತಲೇ ಇದ್ದಳು.

ಫೋನು ಹೋದ ಮೇಲೆ ಎಲ್ಲ ಮೊದಲಿನಂತಾಗುತ್ತದೆಂದು ನಾನು ಅಂದುಕೊಂಡಿದ್ದೆ. ಆಗಲಿಲ್ಲ. ಊಟಕ್ಕೆ ಕೂತಾಗ ಎಲ್ಲೋ ದೂರದಲ್ಲಿ ಸೈಕಲ್ ಬೆಲ್ಲು ಆದರೂ ಅವಳ ಕೈ ನಿಲ್ಲುತ್ತಿತ್ತು. ಬರೀ ಟೈಲರ್ ಆಗಿದ್ದಳು, ಉತ್ತರ ಕೊಡಬೇಕಾದ ಪ್ರಶ್ನೆಯೊಂದೂ ಇರಲಿಲ್ಲ. ಆದರೂ ಹೊಲಿಗೆಯ ವೇಗ ಹಿಂದಕ್ಕೆ ಬರಲು ಬಹಳ ತಿಂಗಳು ಬೇಕಾದವು. ಹಬ್ಬದ ಬೋನಸ್ಸಿನಲ್ಲಿ ಬಜಾರಿನ ಅಂಗಡಿಯಿಂದ ಒಂದು ಹಳೆಯ ಫೋನು ಕೊಂಡು, ಅದರ ನಂಬರನ್ನು ಅವ್ವನಿಗೆ ಮಾತ್ರ ಕೊಟ್ಟಳು. ಜೊತೆಗಿದ್ದ ನನಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಾವು ಜಗಳವಾಡಲಿಲ್ಲ, ಆದರೆ ನಡುವೆ ಏನೋ ತಣ್ಣಗಾಗಿತ್ತು.

ಆಮೇಲೆ ನಾನು ಮದುವೆಯಾಗಿ ಕನಕಪುರಕ್ಕೆ ಬಂದೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟೆ. ಅವಳೂ ಮದುವೆಯಾಗಿ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯ ಪ್ಯಾಕಿಂಗಿಗೆ ಸೇರಿದಳೆಂದು ಕೇಳಿದ್ದೆ. ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ, ಕೈಯಲ್ಲಿ ಬ್ಲೌಸ್ ಪೀಸು ಹಿಡಿದುಕೊಂಡು ಅಂಗಡಿ ಮೆಟ್ಟಿಲು ಹತ್ತಿ ಬಂದಳು. ಮೈ ತುಂಬಿಕೊಂಡಿದ್ದಳು. ಅಪ್ಪ ಕೋಲೂರಿಕೊಂಡು ಹೊಲದವರೆಗೆ ಹೋಗಿ ಬರುತ್ತಾರೆಂದಳು. ನಾವು ಎಷ್ಟೋ ಹೊತ್ತು ಕೈಹಿಡಿದುಕೊಂಡೇ ಮಾತಾಡಿದೆವು. ನಾನು ಟೀ ಮಾಡಿಕೊಂಡು ಬರುವಷ್ಟರಲ್ಲಿ ಅವಳು ಬ್ಯಾಗಿನಿಂದ ತೆಗೆದು ನನ್ನ ಕಟಿಂಗ್ ಮೇಜಿನ ಮೇಲೆ ಎರಡು ಫೋನು ಇಟ್ಟಿದ್ದಳು.

ನಾನು ನೋಡುತ್ತಿರುವುದನ್ನು ಕಂಡು, “ಒಂದು ಮನೇದು, ಒಂದು ಅವ್ರುದು” ಎಂದಳು.

“ತಿರ್ಗಾ ಸೂಪರ್‌ವೈಸರ್ ಮಾಡಿದ್ರಾ?”

“ಹೂಂ. ಹೋದ್ ವರ್ಸ.”

“ಬ್ಯಾಡ ಅನ್ಬೇಕಾಗಿತ್ತು ಕಣೇ.”

“ಮಗ್ಳು ಇಸ್ಕೂಲಿಗ್ ಹೋಗ್ತವ್ಳೆ. ಬ್ಯಾಡ ಅಂದ್ರೆ ಆಯ್ತದಾ?” ಎಂದಳು. ಟೀ ಲೋಟ ಕೈಗೆತ್ತಿಕೊಂಡು, “ಈಗ ಎರಡ್ ಅವೆ. ಯಾವ್ದ್ ಬಡ್ಕೊಂಡ್ರೆ ಹೆದ್ರುಕೋಬೇಕು, ಯಾವ್ದಕ್ ಹೆದ್ರುಕೋಬಾರ್ದು ಅಂತ ಗೊತ್ತಾಯ್ತದೆ. ಅಷ್ಟೇಯ” ಎಂದು ನಕ್ಕಳು.

ಟೀ ಕುಡಿದ ಮೇಲೆ ಅಳತೆ ತೆಗೆಯಲು ನಿಂತೆವು. ಎದೆ, ಸೊಂಟ, ಭುಜ ಮುಗಿಸಿ ತೋಳಿಗೆ ಟೇಪು ಇಟ್ಟಿದ್ದೆ, ಮೇಜಿನ ಮೇಲಿನ ಒಂದು ಫೋನು ಅಲುಗಾಡುತ್ತಾ ಬಡಿದುಕೊಂಡಿತು. ಅವತ್ತು ಅವಳಿಗೆ ವಾರದ ರಜೆ. ಅವಳು ನೋಡಿ, “ಅವ್ರುದು” ಎಂದು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಅದನ್ನೆತ್ತಿಕೊಂಡು ಬೀದಿಗೆ ಇಳಿದಳು. ಕಿಟಕಿಯಿಂದ ಕಾಣುತ್ತಿತ್ತು. ಬಿಸಿಲಿನಲ್ಲಿ ನಿಂತು, ಇನ್ನೊಂದು ಕಿವಿಯನ್ನು ಕೈಯಲ್ಲಿ ಮುಚ್ಚಿಕೊಂಡು ತಲೆಯಾಡಿಸುತ್ತಿದ್ದಳು. ಒಂದು ಬಸ್ಸು ಹೋಯಿತು. ಧೂಳು ಇಳಿಯುವವರೆಗೂ ಮಾತು ಮುಗಿಯಲಿಲ್ಲ.

ಒಳಗೆ ಬಂದು, ಹಣೆಯ ಬೆವರು ಒರೆಸಿಕೊಂಡು, “ಎಲ್ಗಂಟ ಆಗಿತ್ತು?” ಎಂದಳು.

“ತೋಳು” ಎಂದೆ.

ಅವಳು ಕೈ ಚಾಚಿ ನಿಂತಳು. ನಾನು ಅಳತೆ ತೆಗೆದುಕೊಂಡೆ.